ಏಳು ಗಂಟೆಗೆ ಬರುವ ಮೋಡ

ನಮ್ಮ ಸೋದರಮಾವ ರಾಣೆಬೆನ್ನೂರಿನ ತನ್ನ ಬೀಜದ ಅಂಗಡಿಯಲ್ಲಿ ಕೂತು ಬಂಗಾಳ ಕೊಲ್ಲಿಯನ್ನು ಕಾಯುತ್ತಿದ್ದ. ಗಿರಾಕಿಗಳನ್ನು ಕಾಯಲು ಅತ್ತೆ ಇದ್ದಳು.

ಅಂಗಡಿಗೆ ಕಂಪ್ಯೂಟರು, ಇಂಟರ್‌ನೆಟ್ಟು ಬಂದದ್ದು ಎರಡು ಸಾವಿರದ ಆರೇಳರ ಸುಮಾರಿಗೆ. ಬೇರೆಯವರು ಅದರಲ್ಲಿ ರೈಲು ನೋಡಿದರು, ಜಾತಕ ಕೂಡಿಸಿದರು. ಮಾವನಿಗೆ ಕಂಡದ್ದು ಉಪಗ್ರಹ ತೆಗೆದ ಮೋಡದ ಚಿತ್ರ ಮತ್ತು ಅದರ ಕೆಳಗೆ ಕೆಂಪಕ್ಷರದಲ್ಲಿ ಬರುವ ಬಿರುಮಳೆಯ ಎಚ್ಚರಿಕೆ. ಚಿತ್ರ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುವಷ್ಟರಲ್ಲಿ ಎರಡು ಚಹಾ ಮುಗಿಯುತ್ತಿದ್ದವು. ಕಾಶ್ಮೀರ ಬಂದಾಗ ಒಂದು, ಹೈದರಾಬಾದು ಬಂದಾಗ ಇನ್ನೊಂದು.

"ಹಾವೇರಿ ಬಂತೇನ್ರಿ?" ಎಂದು ಅತ್ತೆ ಒಳಗಿನಿಂದ ಕೇಳುವಳು, ಬಸ್ಸಿನಲ್ಲಿ ಕೂತವರ ಹಾಗೆ.

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕುಪ್ಪೇಲೂರಿನ ನಮ್ಮ ಮನೆಗೆ ಅವನ ಫೋನು. ಬ್ಯಾಡಗಿ ಪೇಟೆಗೆ ಹೋಗುವ ಮೊದಲು ಅವ್ವನ ಮೆಣಸಿನಕಾಯಿ ಕಣದಲ್ಲಿ ಒಣಗಬೇಕು. ಒಂದು ಮಳೆ ಬಿದ್ದರೆ ಬಣ್ಣ ಹೋಯಿತು, ಬಣ್ಣದ ಜೊತೆ ವರ್ಷವೂ ಹೋಯಿತು.

"ಅಕ್ಕಾ, ಕೊಲ್ಲಿಯೊಳಗ ಒಂದು ಮೋಡ ಎದ್ದೈತಿ."

"ಏಳ್ಲಿ ಬಿಡೋ, ನಾನೂ ಈಗ ಎದ್ದೇನಿ."

ಒಂದು ವರ್ಷ ಆ ಮೋಡ ಎದ್ದು ನಿಂತದ್ದು ನಿಂತೇ ಬಿಟ್ಟಿತು. "ಭಾಳ ಜಿಗುಟು ಮೋಡ ಅಕ್ಕಾ, ಮೂರು ದಿನದಿಂದ ಅಳ್ಳಾಡವಲ್ದು. ತಾಡಪತ್ರಿ ತಗೀಬ್ಯಾಡ." ಮೋಡ ಅಳ್ಳಾಡುವುದು ಹೇಗೆ? ಕಂಪ್ಯೂಟರು ಹೊಸ ಚಿತ್ರ ತರದೆ, ತಾನು ಇಟ್ಟುಕೊಂಡಿದ್ದ ಹಳೆಯದನ್ನೇ ದಿನವೂ ತೋರಿಸುತ್ತಿತ್ತು. ಹೊರಗೆ ರಣಬಿಸಿಲು. ತಾಡಪತ್ರಿಯ ಕೆಳಗೆ ಅರ್ಧ ಒಣಗಿದ ಕಾಯಿ ಬೆವೆತು, ತೆಗೆದು ನೋಡುವಾಗ ಕಾಲುಭಾಗ ಬಿಳಿಚಿಕೊಂಡಿತ್ತು.

ಅವ್ವ ಬೈಯಲಿಲ್ಲ. "ತಮ್ಮಾ, ಇನ್ನ ಫೋನ್ ಮಾಡಬ್ಯಾಡಪಾ" ಅಂದಳು, ಅಷ್ಟೇ. ಅವನು ಮಾಡಲಿಲ್ಲ.

ಎಂಟು ದಿನ ಕಳೆದವು. ನಾನು ಹಾವೇರಿಯ ಪತ್ರಿಕೆ ಕೆಲಸಕ್ಕೆ ರಜೆ ಹಾಕಿ ಊರಲ್ಲಿದ್ದೆ. ಹೀಗಾಗಿ ಮುಂದಿನದು ಕಂಡು ಬರೆದದ್ದು. ಮಧ್ಯಾಹ್ನದ ಬಸ್ಸಿನಿಂದ ಮಾವ ಇಳಿದ. ಹೆಗಲ ಮೇಲೆ ಸುತ್ತಿದ ಹೊಸ ತಾಡಪತ್ರಿ. ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ.

"ಏನೋ ಇದು?" ಅವ್ವ ಕೇಳಿದಳು.

"ಏನಿಲ್ಲ. ನಿನ್ನ ಮಾತಾಡಿಸಿ ಹೋದ್ರಾತಂತ ಬಂದೆ."

"ತಾಡಪತ್ರಿ ಹೊತ್ಕೊಂಡು?"

"ಕುಂದ್ರಾಕ ಬೇಕಲ್ಲ."

ಮಳೆಯ ಮಾತನ್ನು ಅವನು ಬಾಯಿಬಿಟ್ಟು ಆಡಲಿಲ್ಲ. ಕಣದ ಅಂಚಿಗೆ ಹೋಗಿ, ತಂದ ತಾಡಪತ್ರಿಯನ್ನು ಬಿಚ್ಚದೆ ಮೊಣಕಾಲ ಮೇಲಿಟ್ಟುಕೊಂಡು ಕೂತ. ಅವ್ವ ಒಮ್ಮೆ ಆಕಾಶ ನೋಡಿದಳು, ಒಮ್ಮೆ ತಮ್ಮನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಮೆಣಸಿನಕಾಯಿ ಗುಡ್ಡೆ ಹಾಕತೊಡಗಿದಳು.

ಮೂರೂವರೆಗೆ ಗಾಳಿ ಎದ್ದಿತು, ಹಿಂದೆಯೇ ಮಳೆ. ತಾಡಪತ್ರಿ ಹಾರಿಹೋಗದಂತೆ ಅಕ್ಕ ಒಂದು ಮೂಲೆಯ ಮೇಲೆ, ತಮ್ಮ ಇನ್ನೊಂದರ ಮೇಲೆ ಕೂತರು. ಉಳಿದೆರಡಕ್ಕೆ ನಾನೂ ಒಂದು ಬೀಸುಕಲ್ಲೂ. ಮೆಣಸಿನಕಾಯಿ ಬೆಚ್ಚಗಿತ್ತು. ನಾವು ತೊಯ್ದು ತೊಪ್ಪೆಯಾಗಿದ್ದೆವು.

"ಒಂದು ಫೋನ್ ಮಾಡಬಾರದಾಗಿತ್ತೇನೋ?" ಅವ್ವ ಮಳೆಯೊಳಗೇ ಕೂಗಿದಳು.

"ಮಾಡಿದ್ರ ನಂಬ್ತಿದ್ದೇನು?"

ಮರುದಿನ ಏಳಕ್ಕೆ ಮತ್ತೆ ಅವನ ಫೋನು ಬಂತು, ಅವ್ವನೇ ಎತ್ತಿದಳು.

ಕಾಯಿ ಬ್ಯಾಡಗಿಗೆ ಹೋಗಿ ಕಣ ಖಾಲಿಯಾಯಿತು. ಹೋಳಿ ಹುಣ್ಣಿಮೆ ಬಂತು, ಕಾಯಲು ಮೋಡವೂ ಇರಲಿಲ್ಲ, ಕಾಯಿಯೂ ಇರಲಿಲ್ಲ. ಏಳಕ್ಕೆ ಫೋನು ಮಾತ್ರ ಬರುತ್ತಲೇ ಇತ್ತು. ನಾನು ಹಬ್ಬಕ್ಕೆ ಊರಿಗೆ ಬಂದಿದ್ದಾಗ ಒಂದು ದಿನ ಏಳೂಕಾಲಾದರೂ ಅದು ಬರಲಿಲ್ಲ. ಅವ್ವ ಅಂಗಳಕ್ಕೆ ಬಂದು, ರಾಣೆಬೆನ್ನೂರಿನ ದಿಕ್ಕಿಗೆ ಹಣೆಗೆ ಕೈಯಿಟ್ಟು ನೋಡಿದಳು.

"ಇನ್ನೂ ಯಾಕ ಬಂದಿಲ್ಲೋ ಫೋನು? ನಿನ್ನ ಕಣ್ಣು ಚುರುಕದಾವ, ನೋಡು. ಆ ಕಡೆ ಏನರ ಮೋಡ ಕವದೈತೇನು?"