ಊಟಿಗೆ ಹೋದವರ ಮನೆಯ ಬೆಕ್ಕು

"ಈ ದಸರಾ ರಜ ಮುಗಿಯೋದ್ರೊಳಗೆ ನಾನು ಪಿಟೀಲು ನುಡಿಸಿ ತೋರಿಸ್ಲಿಲ್ಲ ಅಂದ್ರೆ ನನ್ನ ಹೆಸರು ವಾದಿರಾಜನೇ ಅಲ್ಲ!"

ಬಸವನಗುಡಿಯ ವಾದಿರಾಜ ಮೇಷ್ಟ್ರು ಎಂಜಲು ಕೈ ಒಣಗುತ್ತಿರುವುದನ್ನೂ ಗಮನಿಸದೆ ಹೀಗೆಂದು ಘೋಷಿಸಿದಾಗ, ಅವರ ಹೆಂಡತಿ ಅಕ್ಷಯಾ ಮಜ್ಜಿಗೆ ಬಡಿಸುತ್ತ ತಣ್ಣಗೆ ಹೇಳಿದರು.

"ಹೆಸರು ಬದಲಾಯಿಸೋದು ಅಂದ್ರೆ ಅಫಿಡವಿಟ್ಟು, ಪೇಪರ್‌ನಲ್ಲಿ ಜಾಹೀರಾತು, ಎಲ್ಲಾ ಖರ್ಚಿದೆ ರೀ. ನಮ್ಮ ಬಜೆಟ್ಟಲ್ಲಿ ಇಲ್ಲ."

ಬಜೆಟ್ ಎಂಬ ಪದವನ್ನು ಆ ಮನೆಯೊಳಗೆ ತಂದವರೇ ಮೇಷ್ಟ್ರು. ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಹೇಳುವವರು, ಕೇಳಬೇಕೆ! ಇನ್ನು ಪಿಟೀಲಿನ ಚರಿತ್ರೆ ದೊಡ್ಡದು. ಹುಡುಗರಾಗಿದ್ದಾಗ ಚಾಮರಾಜಪೇಟೆಗೆ ಪಾಠಕ್ಕೆ ಹೋಗಿ, ಸರಳೆ ವರಸೆ, ಜಂಟಿ ವರಸೆ ದಾಟಿ, ಗೀತೆಯ ಹೊಸ್ತಿಲಿಗೆ ಬಂದಾಗ ಪರೀಕ್ಷೆ ಹತ್ತಿರವಾಯಿತೆಂದು ನಿಲ್ಲಿಸಿದ್ದರು. ಆ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಪ್ರತಿ ವರ್ಷ ಆಯುಧಪೂಜೆಯಂದು ಪಿಟೀಲು ಅಟ್ಟದಿಂದ ಇಳಿದು ಬರುತ್ತಿತ್ತು. ಸ್ಕೂಟರಿಗೂ ಮಿಕ್ಸಿಗೂ ನಡುವೆ ಕೂತು, ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು, ಮರುದಿನ ಅಟ್ಟಕ್ಕೆ ಮರಳುತ್ತಿತ್ತು. ಸ್ಕೂಟರು ಓಡಿತು, ಮಿಕ್ಸಿ ರುಬ್ಬಿತು, ಪಿಟೀಲು ಮಾತ್ರ ಪೂಜೆ ಮಾಡಿಸಿಕೊಂಡೇ ಕಾಲ ಹಾಕಿತು.

"ನುಡಿಸಿ, ಬೇಡ ಅಂದೋರ್ಯಾರು? ಆದ್ರೆ ಈ ರಜಕ್ಕೆ ಊಟಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ರಿ. ಮದುವೆ ಆದಾಗಿಂದ ಕೇಳ್ತಿದೀನಿ. ದಿನಾ ಊಟ ಆಗ್ತಿದೆ, ಊಟಿ ಮಾತ್ರ ಆಗ್ತಿಲ್ಲ!"

ಮೇಷ್ಟ್ರು ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದರು. ಅವರ ತಲೆಯಲ್ಲಿ ಮಹಾ ಯೋಜನೆಯೊಂದು ಹೊಳೆದಿತ್ತು.

"ಅಕ್ಷಯಾ, ಊಟಿಗೆ ಹೋಗ್ತೀವಿ ಅಂತ ಬೀದಿಗೆಲ್ಲ ಹೇಳೋಣ."

"ಹೇಳಿ?"

"ಹೋಗೋದು ಬೇಡ! ಮುಂಬಾಗಿಲಿಗೆ ಬೀಗ ಹಾಕಿ, ಹಿತ್ತಲ ಬಾಗಿಲಿಂದ ಒಳಗೆ ಬಂದು ಆರಾಮಾಗಿ ಮನೇಲೇ ಇರೋಣ. ನೆಂಟರ ಕಾಟ ಇಲ್ಲ, ಹೋಟೆಲ್ ಬಿಲ್ ಇಲ್ಲ. ನನಗೆ ಸಾಧನೆ, ನಿನಗೆ ವಿಶ್ರಾಂತಿ, ಬೀದಿಲಿ ನಮಗೆ ಗೌರವ. ಖರ್ಚು ಸೊನ್ನೆ!"

ಅಕ್ಷಯಾ ಗಂಡನ ಮುಖವನ್ನು ಕುತೂಹಲದಿಂದ ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿಯೂ ಈ ಮನುಷ್ಯನ ತಲೆಯೊಳಗೆ ಏನಿದೆಯೆಂದು ಅವರಿಗೆ ಪೂರ್ತಿ ಗೊತ್ತಾಗಿರಲಿಲ್ಲ.

"ಸರಿ. ಆದ್ರೆ ಒಂದು ಬೆಟ್ಟು. ವಿಜಯದಶಮಿಯೊಳಗೆ ನಮ್ಮ ಬೀದಿಯೋರು ಯಾರಾದ್ರೂ ಒಬ್ರು ನೀವು ನುಡಿಸಿದ್ದು ಕೇಳಿ, 'ಇದು ಸಂಗೀತ' ಅನ್ಬೇಕು. ಅಂದ್ರೆ ನಾನು ಜೀವಮಾನದಲ್ಲಿ ಊಟಿ ಹೆಸರೆತ್ತಲ್ಲ. ಅನ್ನಲಿಲ್ಲ ಅಂದ್ರೆ ಮಾರನೇ ದಿನವೇ ಊಟಿ. ಬಜೆಟ್ಟು ಗಿಜೆಟ್ಟು ಕೇಳೋ ಹಾಗಿಲ್ಲ."

"ಒಬ್ರೇನು, ಬೀದಿಯೇ ಅನ್ನುತ್ತೆ!" ಎಂದರು ಮೇಷ್ಟ್ರು.

ಹೊರಡುವ ದಿನ ದಂಪತಿಗಳು ಸೂಟ್‌ಕೇಸು ಹಿಡಿದು, ಕುತ್ತಿಗೆಗೆ ಮಫ್ಲರು ಸುತ್ತಿ ಬೀದಿಗಿಳಿದರು. ಪಕ್ಕದ ಮನೆಯ ವಿಶಾಲಾಕ್ಷಮ್ಮ ಗೇಟಿಗೆ ಬಂದು, "ಚಳಿ ಜಾಸ್ತಿ ಇರುತ್ತೆ, ಜೋಪಾನ" ಎಂದು ಹರಸಿದರು. ಎದುರು ಮನೆಯ ಶೀನಣ್ಣ ಕೈ ಬೀಸಿದರು. ಆಟೋ ಗಾಂಧಿ ಬಜಾರ್ ಒಂದು ಸುತ್ತು ಹಾಕಿ, ಹಿಂದಿನ ಸಂದಿಯ ಬಾಯಲ್ಲಿ ಇವರನ್ನು ಇಳಿಸಿತು. ಇಳಿಸಿದ ಡ್ರೈವರು ಇಬ್ಬರನ್ನೂ ಸೂಟ್‌ಕೇಸನ್ನೂ ನೋಡಿ, "ಏನ್ ಸಾರ್, ಜಗಳ ಆಡ್ಕೊಂಡು ವಾಪಸ್ ಬಂದ್ಬಿಟ್ರಾ?" ಎಂದು ಮರುಕಪಟ್ಟ. ಇಡೀ ಊಟಿ ಪ್ರವಾಸದ ಸಾರಿಗೆ ವೆಚ್ಚ ಅಲ್ಲಿಗೆ ಮುಗಿಯಿತು.

ಮನೆಯೊಳಗೆ ಮೇಷ್ಟ್ರು ಕಾನೂನು ಜಾರಿ ಮಾಡಿದರು. ಟಿವಿ ಹಾಕುವಂತಿಲ್ಲ. ಕುಕ್ಕರ್ ಕೂಗಿಸುವಂತಿಲ್ಲ, ಅನ್ನ ಪಾತ್ರೆಯಲ್ಲೇ ಬೇಯಬೇಕು. ಬೀದಿ ಕಡೆಯ ಕಿಟಕಿಯ ಒಂದು ಬಾಗಿಲು ಮಾತ್ರ ಚೂರು ತೆರೆದಿರಬೇಕು, ಸಂಗೀತ ಹೊರಗೆ ಹೋಗುವುದಕ್ಕೆ, ಹೊಗಳಿಕೆ ಒಳಗೆ ಬರುವುದಕ್ಕೆ.

"ನೋಡು, ಯಾರು ನುಡಿಸ್ತಿರೋದು ಅಂತ ಅವರಿಗೆ ಗೊತ್ತಿರಲ್ಲ. ಮುಖ ನೋಡಿ ಮಣೆ ಹಾಕೋ ಪ್ರಶ್ನೆಯೇ ಇಲ್ಲ. ಅಪ್ಪಟ ವಿಮರ್ಶೆ ಸಿಗುತ್ತೆ!"

ಬಳೇಪೇಟೆಯಿಂದ ತಂದ ಹೊಸ ತಂತಿ ಬಿಗಿದು, ಕಮಾನಿಗೆ ರಾಳ ಉಜ್ಜಿ, ಗಣಪತಿಗೆ ಕೈ ಮುಗಿದು ಮೇಷ್ಟ್ರು ಷಡ್ಜ ಎಳೆದರು. ಹೊರಟ ಸದ್ದಿಗೆ ಅಡುಗೆಮನೆಯಲ್ಲಿ ಅಕ್ಷಯಾ ಕೈಯಿಂದ ಸೌಟು ಜಾರಿತು. ಮೇಷ್ಟ್ರು ಎದೆಗುಂದದೆ ಮೋಹನ ರಾಗದ ಒಂದು ಗೀತೆಯ ಮೊದಲ ಸಾಲನ್ನು ತಿರುತಿರುಗಿ ಕುಯ್ದರು. ಹೊರಗೆ ಮಾತು ಕೇಳಿಸಿತು! ಪಿಟೀಲು ಕೆಳಗಿಟ್ಟು, ಬೆರಳ ತುದಿಯಲ್ಲಿ ನಡೆದು, ಕಿಟಕಿಗೆ ಕಿವಿ ಹಚ್ಚಿದರು.

"ಶೀನಣ್ಣ, ಕೇಳಿಸ್ತಾ?" ವಿಶಾಲಾಕ್ಷಮ್ಮನ ದನಿ.

"ಕೇಳಿಸ್ದೆ ಏನು? ಮೇಷ್ಟ್ರ ಮನೆ ಗೇಟು. ಗಾಳಿಗೆ ಕಿರುಗುಡ್ತಿದೆ. ಎಣ್ಣೆ ಕಾಣದೆ ಎಷ್ಟು ವರ್ಷ ಆಯ್ತೋ! ಇರಿ, ನಾನೇ ಬಿಡ್ತೀನಿ."

ಶೀನಣ್ಣ ಎಣ್ಣೆ ತಂದು ಗೇಟಿನ ಕೀಲುಗಳಿಗೆಲ್ಲ ಬಿಟ್ಟು, ತೆಗೆದು ಮುಚ್ಚಿ ಪರೀಕ್ಷಿಸಿ ಹೋದರು. ಒಳಗೆ ಅಕ್ಷಯಾ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು.

"ಗೇಟು ಪುಕ್ಕಟೆ ರಿಪೇರಿ ಆಯ್ತಲ್ಲ, ಅದನ್ನ ನೋಡು" ಎಂದರು ಮೇಷ್ಟ್ರು ಗಂಭೀರವಾಗಿ.

ಮರುದಿನ ಬೆಳಗ್ಗೆ ಅದೇ ಸಾಲು, ಇನ್ನಷ್ಟು ಭಾವ ತುಂಬಿ. ಮತ್ತೆ ಕಿಟಕಿಗೆ ಓಟ.

"ಗೇಟಲ್ಲ ಶೀನಣ್ಣ, ಒಳಗಿಂದ ಬರ್ತಿದೆ. ಬೆಕ್ಕು! ಪಾಪ, ಬೀಗ ಹಾಕೋವಾಗ ಒಳಗೆ ಸಿಕ್ಕಿಹಾಕ್ಕೊಂಡಿದೆ ಕಣ್ರೀ. ಹೆಂಗೆ ನರಳ್ತಿದೆ ಕೇಳಿ, ಮರಿ ಹಾಕೋ ಬೆಕ್ಕೇ ಇರ್ಬೇಕು."

ಅಕ್ಷಯಾ ಗಂಡನ ಕಡೆ ನೋಡಿದರು. ಮೇಷ್ಟ್ರ ಮುಖದಲ್ಲಿ ಹೊಳಪಿತ್ತು.

"ನಿನ್ನೆ ಕಬ್ಬಿಣದ ಗೇಟು, ಇವತ್ತು ಜೀವ ಇರೋ ಪ್ರಾಣಿ. ಒಂದೇ ದಿನದಲ್ಲಿ ಎಂಥ ಬಡ್ತಿ ನೋಡು!"

ಅಷ್ಟರಲ್ಲಿ ಕಿಟಕಿಯ ಸರಳಿನ ನಡುವೆ ಬಳೆ ತೊಟ್ಟ ಕೈಯೊಂದು ಬಂದು, ಬಟ್ಟಲು ತುಂಬ ಹಾಲು ಇಟ್ಟು ಹೋಯಿತು. ಹತ್ತು ನಿಮಿಷದಲ್ಲಿ ಅದು ಎರಡು ಲೋಟ ಕಾಫಿಯಾಯಿತು. ಬಟ್ಟಲು ಖಾಲಿಯಾದದ್ದು ಕಂಡು ವಿಶಾಲಾಕ್ಷಮ್ಮನ ಕರುಳು ಇನ್ನಷ್ಟು ಕರಗಿರಬೇಕು, ಮಧ್ಯಾಹ್ನ ಬಾಳೆಲೆಯ ಮೇಲೆ ಮೊಸರನ್ನ ಬಂತು. ಅಕ್ಷಯಾ ಎಂದು ಹೆಸರಿಟ್ಟುಕೊಂಡದ್ದು ಸಾರ್ಥಕವಾಗಿ ಮನೆಗೆ ಅಕ್ಷಯಪಾತ್ರೆ ದೊರೆತದ್ದು ಆಗಲೇ. ಅಂದಿನಿಂದ ಅವರಿಗೂ ಸಾಧನೆಯಲ್ಲಿ ಆಸಕ್ತಿ ಹುಟ್ಟಿತು.

"ರೀ, ಹನ್ನೊಂದೂವರೆ ಆಯ್ತು. ಸ್ವಲ್ಪ ಜೋರಾಗಿ ನುಡ್ಸಿ, ಊಟದ ಹೊತ್ತು."

ಆದರೆ ಒಂದು ಅನುಮಾನ ಅವರನ್ನು ಕೊರೆಯುತ್ತಿತ್ತು. ಎಲೆಯ ಅಂಚಿನಲ್ಲಿ ದಿನಾ ಒಂದು ಮಾವಿನಮಿಡಿ ಇರುತ್ತಿತ್ತು.

"ಅಲ್ಲಾ ರೀ, ಬೆಕ್ಕು ಉಪ್ಪಿನಕಾಯಿ ತಿನ್ನುತ್ತಾ?"

"ಬಸವನಗುಡಿ ಬೆಕ್ಕಲ್ವೆ, ತಿನ್ನುತ್ತೆ. ನನ್ನ ಏಕಾಗ್ರತೆ ಕೆಡಿಸ್ಬೇಡ."

ಏಕಾಗ್ರತೆ ನಿಜಕ್ಕೂ ಇತ್ತು. ಹೇಳಿದರೆ ನಂಬುತ್ತೀರೋ ಇಲ್ಲವೋ, ಮೇಷ್ಟ್ರಿಗೆ ಪಿಟೀಲು ಮತ್ತೆ ಇಷ್ಟವಾಗತೊಡಗಿತ್ತು. ಗೆಲ್ಲಬೇಕೆಂಬ ಹಟಕ್ಕಿಂತ, ಮುಂದಿನ ಸಲ ಹೊರಗಿನವರು ಏನನ್ನುತ್ತಾರೋ ಎಂಬ ಕುತೂಹಲ ಅವರನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿತ್ತು. ಆಯುಧಪೂಜೆಯ ದಿನ ಪಿಟೀಲಿಗೆ ಕುಂಕುಮ ಹಚ್ಚುವಾಗ ಮೊದಲ ಬಾರಿಗೆ ಅವರಿಗೆ ನಾಚಿಕೆಯಾಗಲಿಲ್ಲ.

ವಿಜಯದಶಮಿಯ ಬೆಳಗ್ಗೆ ಕಿಟಕಿಯ ಕೆಳಗೆ ಖುದ್ದು ಶೀನಣ್ಣ ಬಂದು ನಿಂತರು. ಅವರು ಸಾಮಾನ್ಯರಲ್ಲ. ರಾಮನವಮಿ ಕಚೇರಿಗಳಲ್ಲಿ ಮೊದಲ ಸಾಲಿನಲ್ಲಿ ಕೂತು, ತೊಡೆ ಕೆಂಪಾಗುವವರೆಗೆ ತಾಳ ಹಾಕುವವರು. ಅವರ ಬಾಯಲ್ಲಿ ಬಂದರೆ ಮುಗಿಯಿತು, ಅಪೀಲಿಲ್ಲ. ಮೇಷ್ಟ್ರು ಉಸಿರು ಬಿಗಿಹಿಡಿದು ಇಡೀ ಗೀತೆಯನ್ನು ಮೊದಲಿಂದ ಕೊನೆಯವರೆಗೆ, ನಿಲ್ಲದೆ, ನುಡಿಸಿಯೇ ಬಿಟ್ಟರು. ಬೆವರು ಒರೆಸಿಕೊಳ್ಳದೆ ಕಿಟಕಿಗೆ ಧಾವಿಸಿದರು.

"ಶ್‌! ಸುಮ್ನಿರಿ," ಶೀನಣ್ಣ ಹೇಳುತ್ತಿದ್ದರು. "ಇದು ನನಗೆ ಗೊತ್ತು. ಎಲ್ಲೋ ಕೇಳಿದೀನಿ... ಹಾಂ! ಮೋಹನ!"

ಮೇಷ್ಟ್ರು ಅಕ್ಷಯಾ ಕೈ ಹಿಡಿದು ಅದುಮಿದರು. ಕಣ್ಣಲ್ಲಿ ನೀರು ತುಂಬಿತ್ತು. ರಾಗ ಗುರುತಿಸಿದರು!

"ಯಾವ ಮೋಹನ?" ವಿಶಾಲಾಕ್ಷಮ್ಮ ಕೇಳಿದರು.

"ಹಿಂದಿನ ಬೀದಿ ಪ್ರೆಸ್ಸಿನ ಮೋಹನ ಕಣ್ರೀ! ಅವನ ಬೆಕ್ಕು ಕಳೆದುಹೋಗಿತ್ತಲ್ಲ, ಅದೇ ಇದು. ಹಿಂಗೇ ವಿಕಾರವಾಗಿ ಕೂಗ್ತಿತ್ತು."

ಮೇಷ್ಟ್ರು ಹಾಗೇ ಗೋಡೆಗೊರಗಿ ಕುಸಿದರು. ನಗು ಬರಬೇಕಾದ ಜಾಗದಲ್ಲಿ ಅವರಿಗೆ ನಿಜವಾದ ದುಃಖ ಬಂತು. ಅಕ್ಷಯಾ ನಗಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು:

"ಒಂದು ಸ್ವರ ಚೆನ್ನಾಗಿ ಬಂತು ರೀ. ಆ ಗಾಂಧಾರ. ಸತ್ಯವಾಗ್ಲೂ."

"ನಿನ್ನ ಮಾತು ಲೆಕ್ಕಕ್ಕಿಲ್ಲವಲ್ಲ, ಹೊರಗಿನೋರು ಅನ್ಬೇಕು" ಎಂದು ಮೇಷ್ಟ್ರು ಮೂಗೆಳೆದರು.

ಹೊರಗಿನವರು ಆಗ ಬೇರೆಯೇ ಮಾತಾಡುತ್ತಿದ್ದರು. "ಸದ್ದು ನಿಂತೋಯ್ತು ವಿಶಾಲಾಕ್ಷಮ್ನೋರೇ! ಜೀವ ಹೋಯ್ತೋ ಏನೋ. ನಿಮ್ಮ ಹತ್ರ ಈ ಮನೆದು ಇನ್ನೊಂದು ಕೀಲಿ ಇದೆಯಲ್ಲ, ತೆಗೀರಿ ಮೊದಲು!"

ಕೀಲಿ! ಎಂದೋ ಯಾವುದೋ ಮದುವೆಗೆ ಹೋಗುವಾಗ ಕೊಟ್ಟ ಕೀಲಿಯನ್ನು ದಂಪತಿಗಳಿಬ್ಬರೂ ಮರೆತಿದ್ದರು. ಏಳುವಷ್ಟರಲ್ಲಿ ಬೀಗ ಕಳಚಿತು, ಬಾಗಿಲು ತೆರೆಯಿತು. ಗೋಣಿಚೀಲ ಅಗಲಿಸಿ ಹಿಡಿದ ಶೀನಣ್ಣ, ಅವರ ಹಿಂದೆ ವಿಶಾಲಾಕ್ಷಮ್ಮ. ಒಳಗೆ ಬನಿಯನ್ನು, ಪಂಚೆ, ಕೈಯಲ್ಲಿ ಪಿಟೀಲು ಸಮೇತ ನಮ್ಮ ಮೇಷ್ಟ್ರು.

"ಮೇಷ್ಟ್ರೇ! ಊಟಿಯಿಂದ ಯಾವಾಗ ಬಂದ್ರಿ?" ಶೀನಣ್ಣ ಬೆಚ್ಚಿದರು. ಕುಂಕುಮ ಮೆತ್ತಿದ ಪಿಟೀಲು ಕಂಡು, "ಓಹೋ, ಪೂಜೆಗೆ ಇಟ್ಟಿದ್ರಾ?" ಎಂದರು.

"ಹೂಂ... ಈಗ ತಾನೇ ಬಂದ್ವಿ" ಎಂದು ಮೇಷ್ಟ್ರು ತೊದಲಿದರು.

"ಸಾಕು ಬಿಡಿ" ಎಂದರು ವಿಶಾಲಾಕ್ಷಮ್ಮ. "ನೀವು ಎಲ್ಲೂ ಹೋಗಿಲ್ಲ ಅಂತ ನನಗೆ ಮಾರನೇ ದಿನವೇ ಗೊತ್ತಾಯ್ತು. ಊಟಿಗೆ ಹೋದೋರ ಮನೆಯಿಂದ ಇಂಗಿನ ಒಗ್ಗರಣೆ ಘಮ್ ಅಂತ ಬರುತ್ತೇನ್ರೀ? ಈ ಸಲ ಏನೋ ಕೈ ಬಿಗಿ ಇರ್ಬೇಕು, ಹೇಳ್ಕೊಳ್ಳೋಕೆ ಸಂಕೋಚ ಅಂತ ನಾನೂ ಸುಮ್ನಿದ್ದೆ. ಅದಕ್ಕೇ ಮೊಸರನ್ನದ ಜೊತೆ ಮಿಡಿ ಇಡ್ತಿದ್ದೆ."

ಮೇಷ್ಟ್ರಿಗೆ ನಾಚಿಕೆಯ ಜೊತೆಗೆ ಸಣ್ಣದೊಂದು ಆಸೆಯೂ ಚಿಗುರಿತು. ಇವರಿಗೆ ಎಲ್ಲ ಗೊತ್ತಿತ್ತು! ಹಾಗಾದರೆ ನುಡಿಸಿದವರು ಯಾರೆಂದೂ ಗೊತ್ತಿರಬೇಕು. ವಿಜಯದಶಮಿ ಇನ್ನೂ ಮುಗಿದಿಲ್ಲ. ಗಂಟಲು ಸರಿಮಾಡಿಕೊಂಡು ಕೇಳಿದರು.

"ಹಾಗಾದ್ರೆ... ದಿನಾ ಎಲ್ಲಾ ಕೇಳಿಸ್ಕೊಂಡಿದೀರಿ. ಹೇಗಿತ್ತು?"

"ಹೇಗಿತ್ತು ಅಂತ ಬೇರೆ ಕೇಳ್ತೀರಲ್ಲ!" ವಿಶಾಲಾಕ್ಷಮ್ಮ ಸಿಡಿದರು. "ನೀವು ಬಜೆಟ್ಟು ಅಂತ ಹೊಟ್ಟೆ ಕಟ್ಕೊಳ್ಳಿ, ಬೇಡ ಅನ್ನಲ್ಲ. ಆ ಮೂಕಪ್ರಾಣಿ ಏನು ಪಾಪ ಮಾಡಿತ್ತು? ಒಳಗೆ ಇಟ್ಕೊಂಡ ಮೇಲೆ ಒಂದು ತೊಟ್ಟು ಹಾಲು ಹಾಕ್ಬಾರ್ದಾ? ಬೆಳಗಾದ್ರೆ ಕರುಳು ಕಿತ್ತು ಬರೋ ಹಂಗೆ ಕೂಗ್ತಿತ್ತು! ಎಲ್ಲಿದೆ ಅದು?"

ಮೇಷ್ಟ್ರು ಪಿಟೀಲನ್ನು ನಿಧಾನವಾಗಿ ಬೆನ್ನ ಹಿಂದೆ ಸರಿಸಿದರು. ಉತ್ತರಿಸಿದವರು ಅಕ್ಷಯಾ.

"ಅದರ ಯೋಚನೆ ಬಿಡಿ ವಿಶಾಲಾಕ್ಷಮ್ನೋರೇ. ಕೀಲಿ ನಿಮ್ಮ ಹತ್ರಾನೇ ಇರ್ಲಿ. ನಾಳೆ ನಾವು ನಿಜವಾಗ್ಲೂ ಊಟಿಗೆ ಹೊರಟಿದೀವಿ."

"ಅಯ್ಯೋ! ಮತ್ತೆ ಬೆಕ್ಕು?"

"ಅದೂ ಬರುತ್ತೆ. ಟಿಕೆಟ್ ತೆಗೆಸ್ತಿರೋದೇ ಅದು!"