ಮೇಷ್ಟ್ರ ತಲೆಗೆ ದಾಸವಾಳ

ನರೆಗೂದಲಿಗೆ ಅಂಗಡಿಯ ಬಣ್ಣ ಬಳಿಯುವುದು ವಿಜ್ಞಾನಕ್ಕೇ ಅವಮಾನ ಎಂದು ರಸಾಯನಶಾಸ್ತ್ರದ ಮೇಷ್ಟ್ರು ಶನಿವಾರ ಬೆಳಿಗ್ಗೆ ಆರು ಗಂಟೆಗೆ ಘೋಷಿಸಿದರು. ಅಂದು ಹನ್ನೊಂದಕ್ಕೆ ಮುಖ್ಯೋಪಾಧ್ಯಾಯರ ಹುದ್ದೆಗೆ ಸಂದರ್ಶನ. ಇಪ್ಪತ್ತಾರು ವರ್ಷ ಸೀಮೆಸುಣ್ಣದ ಪುಡಿ ಕುಡಿದವರಿಗೆ ಇನ್ನಾದರೂ ಫ್ಯಾನಿನ ಕೆಳಗಿನ ತಿರುಗುವ ಕುರ್ಚಿ ಬೇಕಿತ್ತು. ಪೈಪೋಟಿಗೆ ನಿಂತಿದ್ದ ಡ್ರಾಯಿಂಗ್ ಮೇಷ್ಟ್ರು ಇವರಿಗಿಂತ ಎರಡು ವರ್ಷ ದೊಡ್ಡವರು. ಕೂದಲು ಮಾತ್ರ ಕಾಗೆಯ ರೆಕ್ಕೆ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಒಂದು ಗಂಟೆ ಕುರ್ಚಿಯಲ್ಲಿ ಕೂತರೆ ತಾನೇ ಕಪ್ಪು ಮಾಡಿ ಕಳಿಸುತ್ತೇನೆ ಎಂದಳು. ಬೇಲಿಯುದ್ದಕ್ಕೂ ದಾಸವಾಳ ಅರಳಿರುವಾಗ ರಾಸಾಯನಿಕ ಯಾಕೆ ಎಂದು ರಸಾಯನಶಾಸ್ತ್ರದ ಮೇಷ್ಟ್ರೇ ಕೇಳಿದರು.

ಈ ಜ್ಞಾನ ಬಂದದ್ದು ಅತ್ತೆಯಿಂದ. ದಾಸವಾಳದ ಎಲೆ ಅರೆದು ಹಚ್ಚಿದರೆ ನೆತ್ತಿಗೆ ತಂಪು, ಅದೇ ಲೋಳೆಯಲ್ಲಿ ಕೂದಲೂ ತೊಳೆಯಬಹುದು, ಹೂವನ್ನು ಎಣ್ಣೆಯಲ್ಲಿ ಕಾಯಿಸಿ ಹಚ್ಚಿಕೊಂಡರೆ ಕೂದಲು ಉದುರುವುದಿಲ್ಲವಂತೆ ಎಂದೆಲ್ಲ ಅವರು ಹಿಂದಿನ ದಿನ ಹೇಳಿದ್ದರು. ಚಿಕ್ಕವರಿದ್ದಾಗ ಶಾಲೆಯ ಬೂಟಿಗೂ ಇದೇ ಹೂವು ಉಜ್ಜಿ ಮಿರಿಮಿರಿ ಕಪ್ಪು ತರುತ್ತಿದ್ದೆವು ಎಂದೂ ಸೇರಿಸಿದ್ದರು. ಇಷ್ಟೆಲ್ಲದರಲ್ಲಿ ಮೇಷ್ಟ್ರು ಹಿಡಿದುಕೊಂಡದ್ದು ಬೂಟನ್ನು ಮಾತ್ರ.

ನಲವತ್ತು ಕೆಂಪು ಹೂವು ಮಿಕ್ಸಿಗೆ ಬಿದ್ದವು. ಅಳಿಯನ ತಲೆಯ ಮೇಲೆ ಕಡುನೇರಳೆ ಮುದ್ದೆ ಕಂಡು ಅತ್ತೆ ವಿಚಾರಿಸಿದರು. ಬೂಟಿನ ತರ್ಕವನ್ನು ಪೂರ್ತಿ ಕೇಳಿಸಿಕೊಂಡು, "ಅಳಿಯಂದ್ರೇ, ಆ ಬೂಟು ಮೊದಲೇ ಕಪ್ಪಿತ್ತು" ಎಂದರು.

ಒಂಬತ್ತರ ಹೊತ್ತಿಗೆ ಮುದ್ದೆ ಒಣಗಿ ನೆತ್ತಿ ಬಿಗಿಯತೊಡಗಿತು. ತೊಳೆಯಲು ಎಲೆ ಅರೆದು ಕೊಡುತ್ತೇನೆ, ತಾಳಿ ಎಂದು ಅತ್ತೆ ಅಂಗಳಕ್ಕಿಳಿದರು. ತಾಳುವ ಪುರುಸೊತ್ತಿಲ್ಲದ ಮೇಷ್ಟ್ರು ಬಚ್ಚಲಲ್ಲಿ ಕೈಗೆ ಸಿಕ್ಕ ಬಟ್ಟೆ ಸೋಪಿನಿಂದಲೇ ಉಜ್ಜಿದರು. ಇದೇ ಹೂವಿನ ರಸಕ್ಕೆ ಸೋಪಿನ ನೀರು ಬಿದ್ದರೆ ಹಸಿರಾಗುತ್ತದೆ, ನಿಂಬೆರಸ ಬಿದ್ದರೆ ಗುಲಾಬಿಯಾಗುತ್ತದೆ ಎಂದು ಪ್ರತಿವರ್ಷ ಮಕ್ಕಳಿಗೆ ಮಾಡಿ ತೋರಿಸುತ್ತಿದ್ದವರು ಅವರೇ. ಕನ್ನಡಿ ನೋಡಿದಾಗ ಪಾಠ ನೆನಪಾಯಿತು. ತಲೆ ಪಾಚಿ ಕಟ್ಟಿದ ತೊಟ್ಟಿಯಂತಿತ್ತು.

"ಏನೇ, ಒಂದು ನಿಂಬೆಹಣ್ಣು ಇದ್ರೆ ಕೊಡು" ಎಂದು ಬಚ್ಚಲಿನಿಂದ ಮೆಲ್ಲಗೆ ದನಿ ಬಂತು.

ಹಿಂಡಿದರು, ಗುಲಾಬಿಯಾಯಿತು. ಮತ್ತೆ ಸೋಪು, ಹಸಿರು. ಎರಡರ ನಡುವೆ ಎಲ್ಲೋ ಒಂದು ಮರ್ಯಾದಸ್ಥ ಬಣ್ಣ ಇದ್ದೇ ಇದೆ ಎಂಬ ನಂಬಿಕೆಯಿಂದ ಹನಿಹನಿಯಾಗಿ ಹುಡುಕತೊಡಗಿದರು. ಪಾರ್ಲರಿಗೆ ಬಂದಿದ್ದ ಇಬ್ಬರು ಗಿರಾಕಿಗಳು ಅರ್ಧ ತಿದ್ದಿದ ಹುಬ್ಬಿನಲ್ಲೇ ಎದ್ದುಬಂದು, ಗುಲಾಬಿಯೇ ಒಪ್ಪುತ್ತದೆ ಎಂದು ಅಭಿಪ್ರಾಯಪಟ್ಟರು. ಹತ್ತೂವರೆಗೆ ನಿಂಬೆಹಣ್ಣು ಮುಗಿಯಿತು. ಆಗ ಸರದಿ ಹಸಿರಿನದಾಗಿತ್ತು.

ಸಂದರ್ಶನ ಮಂಡಳಿಯ ಐವರೂ ಕಡತ ಬಿಟ್ಟು ತಲೆ ನೋಡಿದರು. ಇದೇನೆಂದು ಅಧ್ಯಕ್ಷೆ ಕೇಳಿದರು. ಮೇಷ್ಟ್ರು ನಿಂತಲ್ಲೇ ಒಂದು ಸುಳ್ಳು ಹೊಸೆದರು: ಲೋಟದಲ್ಲಿ ತೋರಿಸಿದರೆ ಮಕ್ಕಳು ಮರೆಯುತ್ತಾರೆ, ಅದಕ್ಕೇ ಸ್ವಂತ ತಲೆಯ ಮೇಲೆ ಪ್ರಯೋಗ. ಅಧ್ಯಕ್ಷೆಯ ಕಣ್ಣು ತೇವವಾಯಿತು. ಕುರ್ಚಿ ಸಿಕ್ಕಿತೆಂದೇ ಮೇಷ್ಟ್ರು ಅಂದುಕೊಂಡರು.

ಸಂಜೆ ಅವರು ಹೆಂಡತಿಯ ಪಾರ್ಲರಿನ ಕುರ್ಚಿಯಲ್ಲಿ, ಕೊರಳಿಗೆ ಬಟ್ಟೆ ಸುತ್ತಿಕೊಂಡು ವಿಧೇಯರಾಗಿ ಕುಳಿತಿದ್ದರು. ಅವಳು ಬಟ್ಟಲಲ್ಲಿ ಕಪ್ಪು ಬಣ್ಣ ಕಲಸಿ ಬ್ರಷ್ ಎತ್ತುವಷ್ಟರಲ್ಲಿ ಶಾಲೆಯಿಂದ ಪತ್ರ ಬಂತು. ಅವಳೇ ಓದಿದಳು. ಹುದ್ದೆ ಡ್ರಾಯಿಂಗ್ ಮೇಷ್ಟ್ರಿಗೆ ಹೋಗಿತ್ತು. ಮಕ್ಕಳಿಗಾಗಿ ತಲೆಯನ್ನೇ ಒಡ್ಡುವ ಶಿಕ್ಷಕರನ್ನು ತರಗತಿಯಿಂದ ಎಬ್ಬಿಸಿ ಕಚೇರಿಯಲ್ಲಿ ಕೂರಿಸುವುದು ಮಕ್ಕಳಿಗೆ ಮಾಡುವ ಅನ್ಯಾಯವೆಂದು ಮಂಡಳಿ ಒಮ್ಮತದಿಂದ ತೀರ್ಮಾನಿಸಿತ್ತು. ಸೋಮವಾರ ಇಡೀ ಶಾಲೆಯ ಮುಂದೆ ಆ ತಲೆಯನ್ನು ಹಾಗೆಯೇ ತಂದು ತೋರಿಸಬೇಕೆಂದೂ ಕೋರಿತ್ತು.

ಹೆಂಡತಿ ಬಟ್ಟಲಿಗೆ ತಟ್ಟೆ ಮುಚ್ಚಿದಳು. ಅವರ ಕೊರಳಿನ ಬಟ್ಟೆ ಬಿಚ್ಚಿ ಕೊಡವಿದಳು.

"ಎದ್ದೇಳಿ ರೀ. ಸೋಮವಾರ ಮುಗೀಲಿ."