ಅಭಿಮನ್ಯುವಿನ ತಲೆ ಒಂದು ಕಡೆ, ಮುಂಡ ಒಂದು ಕಡೆ

“ಕಂಪ್ಯೂಟರ್ ಅಂದ್ರೆ ಎಂತ ಮರಾಯ್ರೆ? ನಮ್ಮ್ ಜೆರಾಕ್ಸ್ ಮಿಷನ್ನಿಗೆ ಒಂದ್ ಟಿವಿ ಸಿಕ್ಸಿದ್ದ್. ಅಷ್ಟೇ!”

ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಎದುರು ಇಪ್ಪತ್ತಾರು ವರ್ಷಗಳಿಂದ ಜೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ ಇಟ್ಟುಕೊಂಡಿರುವ ಸುಬ್ಬರಾಯ ಹೇರ್ಳೆಯವರು ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ. ಮಿಷನ್ನಿನೊಳಗೆ ಸಿಕ್ಕಿಕೊಂಡ ಕಾಗದವನ್ನು ಹರಿಯದ ಹಾಗೆ ಎಳೆದು ತೆಗೆಯುವುದರಲ್ಲಿ ಅವರನ್ನು ಮೀರಿಸುವವರು ಬೈಂದೂರಿನ ತನಕ ಹುಡುಕಿದರೂ ಸಿಗಲಿಕ್ಕಿಲ್ಲ. ಹಾಗಂತ ಅವರೇ ಹೇಳುತ್ತಿದ್ದರು! ಸಾಲಿಗ್ರಾಮದ ಮನೆಗೆ ದೊಡ್ಡ ಮಾನಿಟರಿನ ಕಂಪ್ಯೂಟರ್ ಬಂದ ದಿನ ಎದ್ದು ನಿಂತು ಭೀಷ್ಮನ ಗತ್ತಿನಲ್ಲಿ ಶಪಥವನ್ನೂ ಮಾಡಿದರು: “ನಾನ್ ಇಪ್ಪಷ್ಟ್ ದಿನ ಇದಕ್ಕೆ ರಿಪೇರಿಯವ್ನ ಕೈ ತಾಗೂಕಾಗ!”

ಶಪಥ ಮಾಡಿದ ವಾರದಲ್ಲೇ ತಾವೇ ಕೈ ಹಾಕಿದರು. ಕಂಪ್ಯೂಟರ್ ಸ್ವಲ್ಪ ನಿಧಾನ ಅನ್ನಿಸಿತು, ಸರಿ, ಸೆಟ್ಟಿಂಗಿನೊಳಗೆ ಹೊಕ್ಕು ತಮಗೆ ಅರ್ಥವಾಗದ ಟಿಕ್ ಗುರುತುಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದರು. ತಮಗೆ ಅರ್ಥವಾಗದ್ದು ಕಂಪ್ಯೂಟರಿಗೂ ಬೇಡ ಎಂಬುದು ಅವರ ಸಿದ್ಧಾಂತ. “ಕಾಣ್, ಈಗ ಎಷ್ಟ್ ಹಗುರ ಆಯ್ತ್!” ಎಂದು ಹೆಂಡತಿ ಗೋಮತಿಯನ್ನು ಕರೆದು ತೋರಿಸಿದ್ದೂ ಆಯಿತು.

ಗೋಮತಿಗೆ ಆಗ ಕಂಪ್ಯೂಟರ್ ನೋಡಲು ಪುರುಸೊತ್ತೆಲ್ಲಿ? ಐವತ್ತೆರಡನೆಯ ವಯಸ್ಸಿನಲ್ಲಿ ಆಕೆ ಮಹಿಳಾ ಯಕ್ಷಗಾನ ತಂಡ ಸೇರಿ ಹೆಜ್ಜೆ ಕಲಿಯುತ್ತಿದ್ದಳು. ತಂಡದ ವಾರ್ಷಿಕೋತ್ಸವದ ದಿನ ತಲೆಗೆ ಕೇದಗೆ ಮುಂದಲೆ, ಕಾಲಿಗೆ ಗೆಜ್ಜೆ ಕಟ್ಟಿ, ಅಭಿಮನ್ಯುವಾಗಿ ರಂಗಸ್ಥಳಕ್ಕೆ ಹಾರಿದಳು ನೋಡಿ, ಚಂಡೆಯವರಿಗೇ ಬೆವರು ಬಂತು! ಸಣ್ಣವಳಿದ್ದಾಗ ಕಿರಿಮಂಜೇಶ್ವರದ ತವರಿನ ಅಂಗಳದಲ್ಲಿ ಟವೆಲು ಸುತ್ತಿಕೊಂಡು ಕುಣಿದವಳು ಆಕೆ. ಹೆಣ್ಣುಮಕ್ಕಳು ಗೆಜ್ಜೆ ಕಟ್ಟಬಾರದೆಂದು ಅಪ್ಪ ಗದರಿದರೆ, ಅಮ್ಮ ಮಾತ್ರ ಬಾಗಿಲ ಹಿಂದೆ ನಿಂತು ಮೆಲ್ಲಗೆ ತಾಳ ಹಾಕುತ್ತಿದ್ದರು. ಆ ಅಮ್ಮನಿಗೆ ಈಗ ಎಂಬತ್ತೆರಡು. ಆ ದಿನ ಸೊಂಟದ ನೋವು ಜೋರಾಗಿ ಮಗಳ ಯಕ್ಷಗಾನದ ಆಟಕ್ಕೆ ಬರಲಾಗಲಿಲ್ಲ. ವಿಡಿಯೋ ಕಳಿಸಿದರೆ, “ಮೊಬೈಲಗೆ ಇರುವೆ ಹೋದಾಂಗೆ ಕಾಣತ್ತೇ ಹೆಣೆ, ನೀ ಯಾವ್ದ್, ದ್ರೋಣ ಯಾವ್ದ್ ಗೊತ್ತಾತಿಲ್ಲೆ” ಎಂದು ಬೇಜಾರು ಮಾಡಿಕೊಂಡರು.

“ಅತ್ತೆನ್ನ ಆದಿತ್ಯವಾರ ಇಲ್ಲಿಗೇ ಬಪ್ಪುಕೆ ಹೇಳ್!” ಹೇರ್ಳೆಯವರು ಎದೆ ತಟ್ಟಿಕೊಂಡರು. “ನಮ್ಮ್ ದೊಡ್ಡ್ ಪರದೆಯಗೆ ತೋರ್ಸುವ. ನಾನ್ ಮುಂದಿನ ಸಾಲಗೆ ಕೂತ್ಕಂಡ್ ಕಂಡಾಂಗೇ ಅವ್ರೂ ಕಾಣ್ಲಿ!”

ಇದೊಂದು ಮಾತನ್ನು ಅವರು ಮೂರು ವಾರಗಳಿಂದ ಹೇಳುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ಕೆಂಪು ಶಾಲು ಹೊದ್ದು ಕೂತಿದ್ದರಂತೆ. ರೆಪ್ಪೆ ಬಡಿಯದೆ ನೋಡಿದರಂತೆ. ಮೊದಲ ಚಪ್ಪಾಳೆ ಹೊಡೆದದ್ದೇ ಅವರಂತೆ! ಆಟ ಶುರುವಾದದ್ದು ಮಧ್ಯಾಹ್ನದ ಊಟವಾದ ಮೇಲೆ, ಆ ಊಟದಲ್ಲಿ ಅವರು ಪಾಯಸವನ್ನು ಮೂರು ಸಲ ಹಾಕಿಸಿಕೊಂಡಿದ್ದರು. ಇರಲಿ, ಅದನ್ನು ಈಗ ಯಾಕೆ ಎತ್ತುವುದು.

ಆದಿತ್ಯವಾರ ಬೆಳಿಗ್ಗೆ ಪರೀಕ್ಷೆಗೆಂದು ವಿಡಿಯೋ ಹಾಕಿದರು. ಭಾಗವತರು ಬಂದರು, ಚಂದ. ಅಭಿಮನ್ಯು ಬಂದ, ಇನ್ನೂ ಚಂದ. ಅಭಿಮನ್ಯು ಗಿರಕಿ ಹೊಡೆಯಲು ಶುರುಮಾಡಿದ್ದೇ ತಡ, ಪರದೆಯ ನಡುವೆ ಅಡ್ಡಗೆರೆ ಬಿದ್ದು ತಲೆ ಎಡಕ್ಕೂ ಮುಂಡ ಬಲಕ್ಕೂ ಹೋಯಿತು! ಪ್ರಸಂಗದಲ್ಲಿ ಅಭಿಮನ್ಯು ಸಾಯುವುದು ಕೊನೆಗೆ. ಇಲ್ಲಿ ಪ್ರವೇಶದಲ್ಲೇ ಮುಗಿಯಿತು.

“ಹ್ವಾಯ್, ಇದೆಂತ? ನನ್ನ ತುಂಡ್ ಮಾಡಿದ್ರಲೆ!” ಗೋಮತಿ ಕೂಗಿದಳು.

“ನಾನಲ್ಲ ಮರಾಯ್ತಿ! ಒಳಗೆ ಚಿತ್ರ ಸಿಕ್ಕಾಕಂಡಿತ್ತ್, ಜೆರಾಕ್ಸಗೆ ಕಾಗ್ದ ಸಿಕ್ಕಾಕಂಬುದಿಲ್ಯಾ, ಹಾಂಗೆ.”

ಅಷ್ಟರಲ್ಲಿ ಕ್ಯಾಮರಾ ಚಪ್ಪಾಳೆ ಹೊಡೆಯುವ ಸಭಿಕರ ಕಡೆಗೆ ಸರ್ರನೆ ತಿರುಗಿತು. ಎಲ್ಲರೂ ಅಡ್ಡಡ್ಡ ಸೀಳಿಹೋಗಿದ್ದರು. ಒಬ್ಬರ ಕುತ್ತಿಗೆಯ ಕೆಳಗೆ ಪಕ್ಕದವರ ಮೈ. ಅದರ ನಡುವೆ ಕೆಂಪು ಬಣ್ಣವೊಂದು ಮಿಂಚಿ ಹೋಯಿತು. “ಕಂಡ್ಯಾ, ನಾನೇ ಅದ್! ಕೈ ಹ್ಯಾಂಗೆ ಚಪ್ಪಾಳೆ ಹೊಡಿತಿತ್ತ್ ಕಾಣ್!” ಎಂದು ಹೇರ್ಳೆಯವರು ಹಿಗ್ಗಿದರು. ಗೋಮತಿಗೂ ಖುಷಿಯಾಯಿತು. ಆಮೇಲೆ ಅಮ್ಮ ನಾಲ್ಕು ಗಂಟೆಗೆ ಬರುವುದು ನೆನಪಾಯಿತು.

“ಅಮ್ಮ ಅಷ್ಟ್ ದೂರದಿಂದ ಬಪ್ದ್ ನನ್ನ ಕಾಂಬುಕೆ. ತಲೆ ಬೇರೆ, ಕಾಲ್ ಬೇರೆ ತೋರ್ಸುದಾ? ರಿಪೇರಿಗೆ ಯಾರನ್ನಾರೂ ಕರೀರಿ.”

“ಶಪಥ ಎಂತಕ್ಕೆ ಮಾಡಿದ್ದ್ ನಾನ್?”

ಮೊದಲು ಅವರು ವಿಡಿಯೋ ತೆಗೆದ ತ್ರಾಸಿಯ ಯತೀಶನಿಗೆ ಫೋನು ಹಚ್ಚಿ, “ನೀ ನನ್ನ ಹೆಂಡ್ತಿನ ನಡುವಿಗೆ ಕತ್ರ್ಸಿ ಕೊಟ್ಟಿದ್ಯಲಾ!” ಎಂದು ಬೈದರು. ಯತೀಶ ಏನೋ ಹೇಳುವಷ್ಟರಲ್ಲಿ ಫೋನು ಇಟ್ಟರು. ಆಮೇಲೆ ಜೆರಾಕ್ಸ್ ಚಿಕಿತ್ಸೆ ಶುರುವಾಯಿತು. ವಯರು ಕಿತ್ತು ಊದಿದರು, ಮತ್ತೆ ಸಿಕ್ಕಿಸಿದರು. ಮಾನಿಟರಿನ ಬೆನ್ನು ತಟ್ಟಿದರು. ಕೊನೆಗೆ ಕೀಬೋರ್ಡಿನ ಮೇಲೆ ಹತ್ತು ಬೆರಳನ್ನೂ ಆಡಿಸಿದರು, ಯಾವುದೋ ಮೂರು ಕೀ ಒಟ್ಟಿಗೆ ಒತ್ತಿಹೋಗಿ ಇಡೀ ಚಿತ್ರ ತಲೆಕೆಳಗಾಯಿತು!

ಈಗ ಅಭಿಮನ್ಯು ಶೀರ್ಷಾಸನದಲ್ಲಿ. ನೆಟ್ಟಗೆ ಮಾಡಲು ಹೋದರೆ ಮೌಸಿನ ಬಾಣ ಎಡಕ್ಕೆ ಅಂದರೆ ಬಲಕ್ಕೆ, ಮೇಲೆ ಅಂದರೆ ಕೆಳಗೆ ಓಡುತ್ತದೆ. ಇದರಲ್ಲೇ ಊಟದ ಹೊತ್ತೂ ಮೀರಿ ಗಂಟೆ ಮೂರೂಮುಕ್ಕಾಲಾಯಿತು. ಮಾಡುವುದೇನು? ಹೇರ್ಳೆಯವರು ಮಾನಿಟರನ್ನೇ ಎತ್ತಿ ತಲೆಕೆಳಗು ಮಾಡಿ ಗೋಡೆಗೆ ಒರಗಿಸಿದರು! ಜಾರದ ಹಾಗೆ ಬುಡಕ್ಕೆ ಎರಡು ತೆಂಗಿನಕಾಯಿ ಒತ್ತು ಕೊಟ್ಟರು. ಚಿತ್ರ ನೆಟ್ಟಗಾಯಿತು. ತಮ್ಮ ಬುದ್ಧಿಗೆ ತಾವೇ ಬೆರಗಾಗಿ ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

ಒಂದು ಕಾಯಿ ಉರುಳಿತು. ಮಾನಿಟರ್ ಜಾರಿತು. ಗೋಮತಿ ಅಭಿಮನ್ಯುವಿನ ವೇಗದಲ್ಲೇ ಹಾರಿ ಅದನ್ನು ಎದೆಗವಚಿ ಹಿಡಿದಳು. ಉರುಳಿದ ಕಾಯಿ ಚಾವಡಿ ದಾಟಿ ಹೊಸ್ತಿಲ ಹತ್ತಿರ, ಆಗ ತಾನೇ ಕಾರಿನಿಂದಿಳಿದು ಕೋಲೂರಿಕೊಂಡು ಒಳಗೆ ಬಂದ ಅತ್ತೆಯ ಪಾದದ ಬುಡದಲ್ಲಿ ನಿಂತಿತು.

“ಇದೆಂತ ಅಳಿಯಂದ್ರೆ, ಬಂದ್ ಕೂಡ್ಲೇ ಕಾಯಿ ಕೊಟ್ಟ್ ಕಳ್ಸುದಾ?” ಎಂದರು ಅತ್ತೆ.

ಅವರ ಹಿಂದೆಯೇ ಯತೀಶ ಬೈಕಿನಿಂದ ಇಳಿದ. ಮುಖ ಕೆಂಪಾಗಿತ್ತು. “ಹೇರ್ಳೆರೆ, ನನ್ನ ವಿಡಿಯೋಕ್ಕೆ ಈವರೆಗೆ ಯಾರೂ ಹೀಂಗೆ ಹೇಳಿದ್ದಿಲ್ಲೆ. ಎಲ್ಲಿ ಕತ್ರ್ಸಿದ್ದೆ, ತೋರ್ಸಿ!”

ರಿಪೇರಿಯವನಲ್ಲವಲ್ಲ, ವಿಡಿಯೋದವನು. ಶಪಥಕ್ಕೆ ಭಂಗವಿಲ್ಲ ಎಂದು ಹೇರ್ಳೆಯವರು ಮೌಸು ಬಿಟ್ಟುಕೊಟ್ಟರು. ಯತೀಶ ಮೊದಲು ಚಿತ್ರವನ್ನು ನೆಟ್ಟಗೆ ಮಾಡಿ ಮಾನಿಟರನ್ನೂ ನೆಟ್ಟಗೆ ನಿಲ್ಲಿಸಿದ. ಆಟ ಒಂದು ಸಲ ನೋಡಿ ನಕ್ಕ.

“ಇದ್ ಹರ್ದದ್ದ್ ವಿಡಿಯೋ ಅಲ್ಲ, ಪರದೆ. ಒಂದ್ ಚಿತ್ರ ಪೂರಾ ಬರೂಕ್ ಮುಂಚೆ ಇನ್ನೊಂದ್ ಬಂದ್ ನುಗ್ಗತ್ತ್. ಮೇಲರ್ಧ ಹಳೇದ್, ಕೆಳಗರ್ಧ ಹೊಸ್ತ್. ಎರಡನ್ನೂ ಒಂದೇ ತಾಳಕ್ಕೆ ತರೂಕೆ ಇಲ್ಲೊಂದ್ ಟಿಕ್ ಇರತ್ತ್, ವಿ-ಸಿಂಕ್ ಅಂದೇಳಿ. ಯಾರೋ ತೆಗ್ದಿದ್ರ್.”

ಗೋಮತಿ ಗಂಡನ ಮುಖ ನೋಡಿದಳು. ಗಂಡ ಫ್ಯಾನು ನೋಡಿದರು.

“ಹಗುರ ಆಯ್ತ್ ಅಂದ್ರಿ, ಅಲ್ದಾ?” ಎಂದಳು.

ಯತೀಶ ಟಿಕ್ ಹಾಕಿದ. ವಿಡಿಯೋ ಮೊದಲಿನಿಂದ ಶುರುವಾಯಿತು. ಅಭಿಮನ್ಯು ಗಿರಕಿ ಹೊಡೆದ, ಒಂದಲ್ಲ, ಹದಿನೆಂಟು! ಒಂದು ಗೆರೆಯಿಲ್ಲ. ಮುಂದಲೆಯಿಂದ ಗೆಜ್ಜೆಯ ತನಕ ಇಡೀ ಅಭಿಮನ್ಯು. ಅತ್ತೆ ಕುರ್ಚಿಯ ತುದಿಗೆ ಸರಿದು ಕೂತರು. ಅವರ ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕತೊಡಗಿತ್ತು. ಈ ಸಲ ಅದಕ್ಕೆ ಬಾಗಿಲ ಮರೆ ಬೇಕಿರಲಿಲ್ಲ. “ಅಂಗಳದಗೆ ಕುಣ್ದಾಂಗೇ ಕುಣ್ದೆ ಹೆಣೆ” ಎಂದು ಕಣ್ಣೊರೆಸಿಕೊಂಡರು. ಗೋಮತಿ ಅಮ್ಮನ ಕಾಲ ಬಳಿ ಕೂತು ಅತ್ತೇಬಿಟ್ಟಳು. ಆ ಕ್ಷಣ ಹೇರ್ಳೆಯವರಷ್ಟು ಸುಖಿ ಸಾಲಿಗ್ರಾಮದಲ್ಲಿ ಇನ್ನೊಬ್ಬರಿರಲಿಲ್ಲ.

ಆಗ ಕ್ಯಾಮರಾ ಸಭಿಕರ ಕಡೆ ತಿರುಗಿತು.

ಎಲ್ಲರ ತಲೆಗಳೂ ಅವರವರ ಮೈಮೇಲೇ ಇದ್ದವು. ಎಲ್ಲರ ಕೈಗಳೂ ಚಪ್ಪಾಳೆ ಹೊಡೆಯುತ್ತಿದ್ದವು. ಮುಂದಿನ ಸಾಲಿನಲ್ಲಿ ಕೆಂಪು ಶಾಲಿನವರೊಬ್ಬರದು ಮಾತ್ರ ಹೊಟ್ಟೆಯ ಮೇಲೆ ಜೋಡಿಸಿಟ್ಟಿದ್ದವು. ತಲೆ ಹಿಂದಕ್ಕೆ ಬಿದ್ದಿತ್ತು. ಬಾಯಿ ತೆರೆದಿತ್ತು.

“ಯತೀಶ, ನಿಲ್ಸ್ ಅದನ್ನ!” ಅತ್ತೆ ಕೋಲು ಎತ್ತಿದರು. ಚಿತ್ರ ನಿಂತಿತು. ಅಷ್ಟು ಸ್ಪಷ್ಟ ಚಿತ್ರ ಆ ಪರದೆಯಲ್ಲಿ ಅದುವರೆಗೆ ಬಂದಿರಲಿಲ್ಲ. ಪಕ್ಕದವರ ಚಪ್ಪಾಳೆ ಬೆಳಿಗ್ಗೆ ಯಾರ ಕುತ್ತಿಗೆಗೆ ಅಂಟಿಕೊಂಡಿತ್ತು ಎಂಬುದು ಗೋಮತಿಗೆ ತಿಳಿಯಿತು.

ಹೇರ್ಳೆಯವರು ಯತೀಶನ ಕಿವಿಗೆ ಬಾಗಿದರು. “ಮರಾಯಾ, ಆ ಟಿಕ್ ಒಂದ್ ತೆಗ್ದ್ ಹಾಕೂಕಾತ್ತಾ?”

“ಮುಟ್ಟಿರೆ ಕಾಣಿ!” ಎಂದಳು ಗೋಮತಿ. ಅತ್ತಿದ್ದ ಕಣ್ಣಿನಲ್ಲೇ ನಗು ತಡೆಯಲಾಗದೆ ಅಮ್ಮನ ಮಡಿಲಿಗೆ ಮುಖ ಹುದುಗಿಸಿದಳು.

“ಇದನ್ನ ಒಂದ್ ಪ್ರಿಂಟ್ ತೆಗ್ದ್ ಲ್ಯಾಮಿನೇಶನ್ ಮಾಡಿ ಕೊಡಿ ಅಳಿಯಂದ್ರೆ” ಎಂದರು ಅತ್ತೆ ಗಂಭೀರವಾಗಿ. “ಅಂಗ್ಡಿ ನಿಮ್ದೇ ಅಲ್ದಾ?”

ಅತ್ತೆಯ ಮಾತು, ಮೀರುವ ಹಾಗಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ತೆಗೆದು ಹೇರ್ಳೆಯವರು ಮಾಡಿದ ಮೊದಲ ಕೆಲಸ ಅದೇ. ಒಂದು ಗುಳ್ಳೆಯೂ ಏಳದ ಹಾಗೆ ಲ್ಯಾಮಿನೇಶನ್ ಮಾಡಿ ಮೇಜಿನ ಮೇಲೆ ಆರಲು ಇಟ್ಟರು. ಆಧಾರ್ ಜೆರಾಕ್ಸಿಗೆ ಬಂದ ಶೀನ ಅದನ್ನು ಅತ್ತಿತ್ತ ತಿರುಗಿಸಿ ನೋಡಿದ.

“ಇದ್ಯಾರ್ ಹೇರ್ಳೆರೆ, ಇಷ್ಟ್ ಚಂದ ಮನಿಕಂಡದ್ದ್?”

ಹೇರ್ಳೆಯವರು ಮಿಷನ್ನಿನಿಂದ ತಲೆ ಎತ್ತಲಿಲ್ಲ.

“ನಮ್ಮನೆ ಕಂಪ್ಯೂಟರ್ ರಿಪೇರಿಯವ್ನ್!”